ಆನ್‌ಲೈನ್ ಕಾಲೇಜಿಗೆ ಜಗಲಿ ಕಟ್ಟುವುದು ಹೇಗೆ?

ಪ್ರಶ್ನೆ: ನನಗೆ 19 ವರ್ಷ. ಊರು ಕೊಪ್ಪದ ಹತ್ತಿರ. ಪಿಯುಸಿ ಆದಮೇಲೆ ಐಐಟಿ ಮದ್ರಾಸಿನ ಆನ್‌ಲೈನ್ ಬಿ.ಎಸ್. ಡೇಟಾ ಸೈನ್ಸ್ ಕೋರ್ಸಿಗೆ ಸೇರಿದೆ. ಕ್ವಾಲಿಫೈಯರ್ ಅನ್ನುವ ಪ್ರವೇಶ ಪರೀಕ್ಷೆ ಪಾಸಾಗಿ ಮೊದಲ ಟರ್ಮ್ ನಡೆಯುತ್ತಿದೆ. ಪಾಠ ಅರ್ಥವಾಗುತ್ತದೆ, ಮಾರ್ಕ್ಸ್ ಕೂಡ ಪರವಾಗಿಲ್ಲ. ಆದರೆ ಮೂರು ತಿಂಗಳಾದರೂ ಒಬ್ಬರ ಪರಿಚಯವೂ ಆಗಿಲ್ಲ. ಗ್ರೂಪಿನಲ್ಲಿ ನೂರಾರು ಜನ ಇದ್ದಾರೆ, ಜಾಸ್ತಿ ಹಿಂದಿಯಲ್ಲೇ ಮಾತು. ನಾನು ಸುಮ್ನೆ ಓದಿ ಫೋನ್ ಪಕ್ಕಕ್ಕಿಡುತ್ತೇನೆ. ಕ್ವಿಜ್ ಬರೆಯಲು ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲೂ ಯಾರನ್ನೂ ಮಾತಾಡಿಸದೆ ವಾಪಸ್ ಬಂದೆ. ಶಿವಮೊಗ್ಗ, ಉಡುಪಿ ಕಡೆ ಕಾಲೇಜು ಸೇರಿದ ಗೆಳತಿಯರ ಫೋಟೊ ನೋಡಿದರೆ ಬೇಜಾರಾಗುತ್ತದೆ. ಆನ್‌ಲೈನ್ ಓದಿನಲ್ಲಿ ಕಾಲೇಜು ಜೀವನ ಅನ್ನುವುದು ನಿಜಕ್ಕೂ ಇದೆಯಾ? ಬಿಟ್ಟು ಹತ್ತಿರದ ಕಾಲೇಜಿಗೆ ಸೇರಿಬಿಡಲಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಗೆಳೆಯರು ಸಿಕ್ಕಿಲ್ಲ ಅನ್ನುವ ಒಂದೇ ಕಾರಣಕ್ಕೆ ಈಗಲೇ ಬಿಡಬೇಡಿ. ಇನ್ನು ಎರಡು ಟರ್ಮ್ ನೋಡಿ. ಎರಡೇ ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ, ಮುಂದೆ ಬರುತ್ತದೆ.

ದೂರಶಿಕ್ಷಣದಲ್ಲಿ ಓದುವವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ನಿಮ್ಮ ತಪ್ಪಲ್ಲ. ನೀವು ಸಂಕೋಚದ ಹುಡುಗಿ ಇರಬಹುದು. ಆದರೆ ನಿಮ್ಮಷ್ಟೇ ಸಂಕೋಚದ ಹುಡುಗಿಗೆ ಶಿವಮೊಗ್ಗದ ಕಾಲೇಜಿನಲ್ಲಿ ಮೂರು ತಿಂಗಳಲ್ಲಿ ಇಬ್ಬರಾದರೂ ಗೆಳತಿಯರು ಸಿಕ್ಕಿರುತ್ತಾರೆ. ಅವಳೇನು ಧೈರ್ಯ ಮಾಡಿ ಹುಡುಕಿಕೊಂಡು ಹೋಗಿರುವುದಿಲ್ಲ. ಬಸ್ಸು ತಡವಾಗಿರುತ್ತದೆ. ಲೆಕ್ಚರರ್ ಬಂದಿರುವುದಿಲ್ಲ. ಮಳೆ ನಿಲ್ಲುವ ತನಕ ವರಾಂಡದಲ್ಲಿ ನಿಂತಿರುತ್ತಾಳೆ. ಪಕ್ಕದಲ್ಲಿ ಇನ್ನೊಬ್ಬಳೂ ನಿಂತಿರುತ್ತಾಳೆ. ಅಷ್ಟೇ.

ನಿಮ್ಮ ಮಲೆನಾಡಿನ ಮನೆಗಳಿಗೆ ಜಗಲಿ ಇರುತ್ತದಲ್ವಾ? ಯಾರೂ ಜಗಲಿಗೆ ಗೆಳೆತನ ಮಾಡಲು ಬರುವುದಿಲ್ಲ. ಎಲ್ಲಿಗೋ ಹೋಗುವವರು ಎರಡು ನಿಮಿಷ ಕೂರುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ, ಮಾತು ಬೆಳೆಯುತ್ತದೆ. ಕಾಲೇಜಿನ ಕಟ್ಟಡದಲ್ಲಿ ಇಂಥ ಜಗಲಿಗಳು ತಾವಾಗಿಯೇ ಇರುತ್ತವೆ. ಬಸ್ ಸ್ಟಾಪು, ಕ್ಯಾಂಟೀನು, ನೀರಿನ ನಲ್ಲಿ, ಫೀಸು ಕಟ್ಟುವ ಸಾಲು. ಆನ್‌ಲೈನ್ ಕಾಲೇಜು ಕಟ್ಟುವಾಗ ಪಾಠದ ಕೋಣೆಯನ್ನು ಮಾತ್ರ ತಂದರು, ಕಾಯುವ ಜಾಗಗಳನ್ನೆಲ್ಲ ಅಲ್ಲೇ ಬಿಟ್ಟುಬಂದರು. ವಿಡಿಯೊ ಒತ್ತಿದರೆ ಪಾಠ ಶುರು, ಮುಗಿದರೆ ಕಿಟಕಿ ಮುಚ್ಚಿತು. ನಡುವೆ ಯಾರಿಗೂ ಕಾಯುವ ಕೆಲಸವಿಲ್ಲ. ಅನುಕೂಲವೇನೋ ಹೌದು. ಗೆಳೆತನಕ್ಕೆ ಮಾತ್ರ ಜಾಗ ಇಲ್ಲ.

ಇದನ್ನು ಹಿಂದೆಯೇ ಕಂಡುಕೊಂಡವರಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಮನೆಗಳನ್ನು ಕಟ್ಟಿಕೊಟ್ಟಿದ್ದರು. ಅಲ್ಲಿ ಯಾರು ಯಾರಿಗೆ ಗೆಳೆಯರಾದರು ಅಂತ ಲಿಯೋನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಸ್ವಭಾವಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಬಾಗಿಲು. ಪಕ್ಕದ ಬಾಗಿಲಿನವರು ಗೆಳೆಯರಾದರು, ನಾಲ್ಕು ಬಾಗಿಲು ಆಚೆಯವರು ಅಷ್ಟಾಗಿ ಆಗಲಿಲ್ಲ. ಮೆಟ್ಟಿಲ ಬುಡದ ಮನೆಯವರಿಗೆ ಮಹಡಿಯ ಮೇಲೂ ಗೆಳೆಯರಿದ್ದರು, ಯಾಕೆಂದರೆ ಹತ್ತುವವರು ಇಳಿಯುವವರು ಅವರ ಮುಂದೆಯೇ ಹಾಯಬೇಕಿತ್ತು. ಹಾಗಾಗಿ ನನ್ನ ಹತ್ತಿರ ಬರುವ ಆನ್‌ಲೈನ್ ವಿದ್ಯಾರ್ಥಿಗಳಿಗೆ ಗೆಳೆಯರನ್ನು ಹುಡುಕಿ ಅಂತ ನಾನು ಹೇಳುವುದಿಲ್ಲ. ಮೆಟ್ಟಿಲ ಬುಡ ಎಲ್ಲಿದೆ ನೋಡಿ, ಅಲ್ಲಿ ಹೋಗಿ ನಿಲ್ಲಿ ಅನ್ನುತ್ತೇನೆ.

ಈಗ ಆ ಲೆಕ್ಕ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ಕೇಳಿ ನೋಡಿದರು. ಬರೀ ಪರಿಚಯ ಇದ್ದವರು ಸಾಮಾನ್ಯ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯರು ಅನ್ನಿಸಿಕೊಳ್ಳಲು ಸುಮಾರು 90 ಗಂಟೆ. ಆಪ್ತರಾಗಲು 200ಕ್ಕೂ ಜಾಸ್ತಿ. ಇನ್ನೊಂದು ವಿಷಯವೂ ಅದರಲ್ಲಿತ್ತು, ಅದೇ ನನಗೆ ಮುಖ್ಯ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ. ಸುಮ್ನೆ ಹರಟಿದ, ಊಟ ಮಾಡಿದ, ಏನೂ ಮಾಡದೆ ಕೂತ ಗಂಟೆಗಳೇ ಲೆಕ್ಕಕ್ಕೆ ಬರುವುದು.

ನಿಮ್ಮ ಗೆಳತಿ ಬಸ್ಸು, ಊಟದ ಹೊತ್ತು, ಖಾಲಿ ಪೀರಿಯಡ್ಡು ಅಂತ ದಿನಕ್ಕೆ ಎರಡು ಗಂಟೆ ಒಬ್ಬಳ ಜೊತೆ ಕಳೆದರೆ ವಾರಕ್ಕೆ 12 ಗಂಟೆ ಆಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ 50 ಆಗಿಬಿಡುತ್ತದೆ. ನೀವು ಮೂರು ತಿಂಗಳಲ್ಲಿ ಸಹಪಾಠಿಯೊಬ್ಬರ ಜೊತೆ ಕಳೆದದ್ದು ಎಷ್ಟು ಗಂಟೆ? ಸೊನ್ನೆ. ಗೆಳೆತನ ಆಗಿಲ್ಲ ಅನ್ನುವುದಕ್ಕಿಂತ, ಗಂಟೆಗಳು ಇನ್ನೂ ಶುರುವೇ ಆಗಿಲ್ಲ. ವಾರಕ್ಕೆ ಎರಡು ಗಂಟೆ ಹೇಗಾದರೂ ಹೊಂದಿಸಿದರೆ 50 ಗಂಟೆಗೆ 25 ವಾರ. ನಿಮ್ಮ ಒಂದು ಟರ್ಮಿನ ಪಾಠ 12 ವಾರದ್ದು. ಎರಡು ಟರ್ಮ್ ನೋಡಿ ಅಂದದ್ದು ಅದಕ್ಕೇ.

ಈ ಒಂಟಿತನ ಇಂಟರ್ನೆಟ್ಟಿನ ಜೊತೆ ಬಂದದ್ದೂ ಅಲ್ಲ. ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಒಂದು ಊರಿದೆ. ಅದರ ಸುತ್ತ ನೂರಾರು ಕಿಲೋಮೀಟರ್ ದೂರದೂರಕ್ಕೆ ದನ ಸಾಕುವ ಫಾರ್ಮುಗಳು, ಒಂದೊಂದರಲ್ಲಿ ಒಂದೊಂದೇ ಸಂಸಾರ. ಅಲ್ಲಿನ ಮಕ್ಕಳಿಗೆ ಪಾಠ ಅಂಚೆಯಲ್ಲಿ ಬರುತ್ತಿತ್ತು. ಅಡಿಲೇಡ್ ಮೀತ್ಕಿ ಎಂಬ ಶಿಕ್ಷಕಿ 1944ರಲ್ಲಿ ಆ ಕಡೆ ಹೋದಾಗ ಅವರ ಕಣ್ಣಿಗೆ ಬಿದ್ದದ್ದು ಆ ಮಕ್ಕಳ ಸಂಕೋಚ. ಬೇರೆ ಮಕ್ಕಳ ಜೊತೆ ಬೆರೆತೇ ಗೊತ್ತಿಲ್ಲ. ಆದರೆ ವಿಮಾನದಲ್ಲಿ ಬರುವ ಡಾಕ್ಟರರನ್ನು ಕರೆಯಲು ಇಟ್ಟಿದ್ದ ರೇಡಿಯೊದಲ್ಲಿ ಮಾತಾಡುವುದು ಎಲ್ಲರಿಗೂ ಬರುತ್ತಿತ್ತು. ಅದೇ ರೇಡಿಯೊದಲ್ಲಿ 1951ರಲ್ಲಿ ಶಾಲೆ ಶುರುವಾಯಿತು, ಸ್ಕೂಲ್ ಆಫ್ ದಿ ಏರ್ ಅಂತ. ಒಂದು ಮಗುವಿಗೆ ಇನ್ನೊಂದು ಮಗುವಿನ ದನಿ ಕೇಳಿಸಿತು. ಅಂಚೆ ಕೊಡಲಾಗದೆ ಇದ್ದದ್ದನ್ನು ರೇಡಿಯೊ ಕೊಟ್ಟಿತು. ಆ ಶಾಲೆ ಈಗಲೂ ಇದೆ, ಪಾಠ ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ. ಮಕ್ಕಳನ್ನು ಆಗಾಗ ಊರಿಗೆ ಕರೆಸಿ ಒಂದೇ ಕಡೆ ಸೇರಿಸುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನೂ ಎಂ.ಎ. ಮಾಡಿದ್ದು ಹೀಗೆ ದೂರದಿಂದಲೇ. ವರ್ಷವಿಡೀ ಒಬ್ಬಳೇ ಓದುತ್ತಿದ್ದೆ. ಮೈಸೂರಿನ ಸಂಪರ್ಕ ತರಗತಿಯ ಎರಡನೇ ದಿನ ಪಕ್ಕದ ಬೆಂಚಿನ ಕೊಳ್ಳೇಗಾಲದ ಹೆಂಗಸು ಡಬ್ಬಿ ತೆಗೆದು, ‘ಒಂದು ರೊಟ್ಟಿ ತಗೊಳ್ಳಿ, ಜಾಸ್ತಿ ಇದೆ’ ಅಂದರು. ಪಾಠದಲ್ಲಿ ಏನು ಹೇಳಿದರು ಅನ್ನುವುದು ಈಗ ನೆನಪಿಲ್ಲ. ಆ ಹೆಂಗಸಿನ ಮಗಳ ಮದುವೆಗೆ ಹೋಗಿಬಂದೆ.

ಇನ್ನು ನಿಮ್ಮ ಕೋರ್ಸಿನ ಮಾತು. ಅದರಲ್ಲಿ ಮೆಟ್ಟಿಲ ಬುಡಗಳು ಇವೆ. 2020ರಲ್ಲಿ ಇದನ್ನು ಘೋಷಿಸಿದಾಗ ಬರೀ ವಿಡಿಯೊ ಪಾಠ ಅಂತ ಬಹಳ ಜನ ಅಂದುಕೊಂಡಿದ್ದರು. ಈಗ ಹತ್ತಾರು ಸಾವಿರ ಮಂದಿ ಓದುತ್ತಿದ್ದಾರೆ, ಅವರನ್ನು ಹಂಚಲು ‘ಹೌಸ್’ಗಳಿವೆ. ಹೌಸ್‌ಗಳಿಗೆಲ್ಲ ಕಾಡಿನ ಹೆಸರು. ನಮ್ಮ ಬಂಡೀಪುರ ಇದೆ. ನೀಲಗಿರಿ, ವಯನಾಡ್, ಗಿರ್, ಕಾಜಿರಂಗ, ಸುಂದರಬನ್ ಇವೆ. ಹೆಸರು ನೋಡಿ ಊರು ಊಹಿಸಬೇಡಿ, ಬಂಡೀಪುರದಲ್ಲಿ ಇರುವವರೆಲ್ಲ ಕರ್ನಾಟಕದವರಲ್ಲ. ಸಂಗೀತ, ಚೆಸ್, ಫೋಟೊಗ್ರಫಿ ಅಂತ ಆಸಕ್ತಿಯ ಕೂಟಗಳಿವೆ. ಪ್ಯಾರಡಾಕ್ಸ್ ಅನ್ನುವ ವಾರ್ಷಿಕ ಹಬ್ಬವನ್ನು ಚೆನ್ನೈ ಕ್ಯಾಂಪಸ್ಸಿನಲ್ಲೇ ಮಾಡುತ್ತಾರೆ. ಪರದೆಯಲ್ಲಿ ನೋಡಿದ ಮುಖಗಳು ಅಲ್ಲಿ ಎದುರು ಸಿಗುತ್ತವೆ. ಗಿಂಡಿ ರಾಷ್ಟ್ರೀಯ ಉದ್ಯಾನ ಪಕ್ಕದಲ್ಲೇ ಇರುವುದರಿಂದ ಆ ಕ್ಯಾಂಪಸ್ಸಿನಲ್ಲಿ ಜಿಂಕೆಗಳು ಓಡಾಡುತ್ತವೆ. ಮನೆಯಲ್ಲಿ ಒಪ್ಪಿಸಿ ಒಂದು ಸಲವಾದರೂ ಹೋಗಿ.

ಆದರೆ ಹಬ್ಬ ಬರುವುದು ವರ್ಷಕ್ಕೊಮ್ಮೆ. ಉಳಿದ ದಿನಗಳಿಗೆ ಹೌಸ್ ಒಂದೇ ಸಾಲದು. ದೊಡ್ಡ ಗ್ರೂಪು ಒಂಟಿತನವನ್ನು ಜಾಸ್ತಿ ಮಾಡುತ್ತದೆ ಅನ್ನುವುದು ನನ್ನ ಅನುಭವ. ನೂರಾರು ಜನರ ಗ್ರೂಪಿನಲ್ಲಿ ಮಾತಾಡುವವರು ಹತ್ತೋ ಹದಿನೈದೋ ಜನ. ಅವರಿಗೆ ಆಗಲೇ ಒಬ್ಬರಿಗೊಬ್ಬರು ಗೊತ್ತು. ಉಳಿದವರೆಲ್ಲ ನಿಮ್ಮ ಹಾಗೆಯೇ ಓದಿ ಪಕ್ಕಕ್ಕಿಡುವವರು. ಆ ಹದಿನೈದು ಜನರ ನಗು ನೋಡಿ, ಎಲ್ಲರೂ ಖುಷಿಯಾಗಿದ್ದಾರೆ, ನಾನೊಬ್ಬಳೇ ಹೊರಗೆ ಅಂತ ಅನ್ನಿಸುತ್ತದೆ. ಮಾತಿಲ್ಲದೆ ಕೂತಿರುವ ಆ ನೂರಾರು ಜನ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಮುಂದಿನ ಗೆಳತಿ ಇರುವುದು ಅವರೊಳಗೆ.

ಅವಳನ್ನು ಹೊರಗೆ ತರುವುದು ಹೇಗೆ? ದೊಡ್ಡ ಗ್ರೂಪಿನಲ್ಲಿ ತಮಾಷೆ ಮಾಡಲು ಹೋಗಬೇಡಿ. ಒಂದು ಡೌಟು ಕೇಳಿ, ಅದೂ ನಿಜವಾದ ಡೌಟು. ‘ಸ್ಟ್ಯಾಟಿಸ್ಟಿಕ್ಸ್ ಐದನೇ ವಾರದ ಮೂರನೇ ಲೆಕ್ಕದಲ್ಲಿ ಇಲ್ಲಿಯ ತನಕ ಬಂದೆ, ಆಮೇಲೆ ಸಿಕ್ಕಿಹಾಕಿಕೊಂಡೆ’ ಅಂತ ನೋಟ್‌ಬುಕ್ಕಿನ ಹಾಳೆಯ ಫೋಟೊ ಹಾಕಿ. ಅದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡ ಇನ್ನೊಬ್ಬರು ಬಂದೇ ಬರುತ್ತಾರೆ. ಬಂದವರಿಗೆ ಬೇರೆಯಾಗಿ ಒಂದು ಸಾಲು ಬರೆದು ಥ್ಯಾಂಕ್ಸ್ ಹೇಳಿ. ಮುಂದಿನ ವಾರ ಅವರಿಗೇ ಇನ್ನೊಂದು ಸಾಲು. ಒಂದೇ ಮನುಷ್ಯರ ಹತ್ತಿರ ಮೂರು ಸಲ ಮಾತಾಡುವುದು, ಮೂವತ್ತು ಜನರ ಹತ್ತಿರ ಒಂದೊಂದು ಸಲ ಮಾತಾಡುವುದಕ್ಕಿಂತ ಮೇಲು.

ಹೀಗೆ ಇಬ್ಬರೋ ಮೂವರೋ ಆದಮೇಲೆ ನಿಮ್ಮದೇ ಒಂದು ಸಣ್ಣ ಗುಂಪು ಮಾಡಿಕೊಳ್ಳಿ. ನಾಲ್ಕು ಜನ ಸಾಕು. ಐದಾದರೆ ಪರವಾಗಿಲ್ಲ. ಎಂಟಾದರೆ ಮತ್ತೆ ಇಬ್ಬರು ಮಾತಾಡಿ ಆರು ಜನ ಕೇಳುತ್ತಾರೆ.

ಅಂಥ ಒಂದು ಗುಂಪನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಶಿರಸಿ ಕಡೆಯ ಒಬ್ಬ ಹುಡುಗಿ, ರಾಯಚೂರಿನ ಇನ್ನೊಬ್ಬಳು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೂಡ ಓದುತ್ತಿದ್ದ ಹುಡುಗ, ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ 46 ವರ್ಷದ ಒಬ್ಬರು. ನಿಮ್ಮ ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲ, ಹಾಗಾಗಿ ಇಂಥ ಬೆರಕೆ ಅಲ್ಲಿ ಸಾಮಾನ್ಯ. ಬ್ಯಾಂಕಿನವರನ್ನು ಏನಂತ ಕರೆಯುವುದು ಅನ್ನುವುದೇ ಮೊದಲ ವಾರದ ಸಮಸ್ಯೆ. ‘ಸರ್’ ಅಂದರೆ ಅವರು ಬೇಡ ಅನ್ನುತ್ತಿದ್ದರು, ಹೆಸರು ಹಿಡಿದು ಕರೆಯಲು ಇವರಿಗೆ ಬಾಯಿ ಬರುತ್ತಿರಲಿಲ್ಲ. ಕೊನೆಗೆ ‘ಅಣ್ಣಾರ’ ಅಂತಾಯಿತು.

ಸೋಮವಾರದಿಂದ ಶುಕ್ರವಾರ, ರಾತ್ರಿ ಒಂಬತ್ತಕ್ಕೆ ಗೂಗಲ್ ಮೀಟ್. ಮೊದಲ 45 ನಿಮಿಷ ಎಲ್ಲರ ಮೈಕ್ ಬಂದ್. ಕ್ಯಾಮೆರಾ ಬೇಕಾದವರು ಹಾಕಿಕೊಳ್ಳಬಹುದು. ಅವರವರ ಪಾಠ ಅವರವರು ಓದುವುದು. ಆಮೇಲೆ 15 ನಿಮಿಷ ಮೈಕ್ ತೆಗೆದು ಮಾತು. ಆ ಹೊತ್ತಿನಲ್ಲಿ ಪಾಠದ ಮಾತು ಆಡಲೇಬೇಕು ಅಂತಿಲ್ಲ. ನಾನು ಒಂದು ರಾತ್ರಿ ಶಿರಸಿಯ ಆ ಮನೆಯಲ್ಲಿದ್ದೆ. ಜೋರು ಮಳೆ. ಒಂಬತ್ತು ಇಪ್ಪತ್ತಕ್ಕೆ ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್ಟೂ ಹೋಯಿತು. ಹುಡುಗಿ ಮೇಣದಬತ್ತಿ ಹಚ್ಚಿ ನೋಟ್‌ಬುಕ್ ತೆಗೆದು ಕೂತಳು. ಒಂಬತ್ತೂಮುಕ್ಕಾಲಿಗೆ ಸರಿಯಾಗಿ ಫೋನು ಹೊಡೆದುಕೊಂಡಿತು, ಮಾಮೂಲಿ ಕಾಲ್. ಆ ಕಡೆಯಿಂದ ಬ್ಯಾಂಕಿನವರು, ‘ಏನವಾ, ಮತ್ತ ಕರೆಂಟ್ ಹೋತೇನು? ಊಟ ಆತಿಲ್ಲೋ?’ ಅಂದರು. ಹುಡುಗಿ ನಕ್ಕುಬಿಟ್ಟಳು. ಅಡುಗೆಮನೆಯಲ್ಲಿದ್ದ ಅವಳ ಅಮ್ಮ ಇಣುಕಿ, ‘ಯಾರೇ ಅದು?’ ಅಂತ ಕೇಳಿದರು. ‘ಕ್ಲಾಸಿನವರು ಅಮ್ಮ’ ಅಂದಳು. ನೀವು ಹುಡುಕುತ್ತಿರುವ ಕಾಲೇಜು ಜೀವನ ಅದೇ ನೋಡಿ, ಕರೆಂಟು ಹೋದದ್ದು ಒಬ್ಬರಿಗೆ ಗೊತ್ತಾಗುವುದು.

ಅಲ್ಲಿ ಸಮಯ ಗಟ್ಟಿಯಾಗಿತ್ತು ಅನ್ನುವುದನ್ನು ಗಮನಿಸಿ. ‘ಫ್ರೀ ಇದ್ದಾಗ ಸೇರೋಣ’ ಅಂದ ಗುಂಪು ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಒಂಬತ್ತು ಅಂದರೆ ಒಂಬತ್ತು, ಒಬ್ಬರೇ ಬಂದರೂ ಲಿಂಕ್ ತೆರೆದಿರಬೇಕು. ಆ 15 ನಿಮಿಷ ವಾರದಲ್ಲಿ ಐದು ದಿನ, ಜೊತೆಗೆ ಭಾನುವಾರ ಮುಕ್ಕಾಲು ಗಂಟೆ ಹರಟೆ. ನಾನು ಹೇಳಿದ ವಾರಕ್ಕೆ ಎರಡು ಗಂಟೆ ಆಯಿತು ಅಲ್ವಾ?

ಭಾಷೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು. ನನಗೆ ಅದೇ ದೊಡ್ಡ ಕಾರಣ ಅನ್ನಿಸುತ್ತದೆ. ಹಿಂದಿ ಬರದಿದ್ದರೆ ಮಾತು ಅರ್ಥವಾಗದೆ ಇರುವುದು ಸಣ್ಣ ತೊಂದರೆ. ಅರ್ಥವಾದರೂ ಉತ್ತರ ಕೊಡುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ, ಅದು ದೊಡ್ಡ ತೊಂದರೆ. ನಗು ಬರುವ ಮಾತನ್ನು ಎರಡು ನಿಮಿಷ ತಡವಾಗಿ ಹೇಳಿದರೆ ಯಾರೂ ನಗುವುದಿಲ್ಲ. ಆಮೇಲೆ ನಾವೇ ಸುಮ್ಮನಾಗುತ್ತೇವೆ. ಇಂಗ್ಲಿಷಿನಲ್ಲಿ ಬರೆಯಿರಿ, ಎಲ್ಲರಿಗೂ ಅರ್ಥವಾಗಲಿ ಅಂತ ಗ್ರೂಪಿನಲ್ಲಿ ಕೇಳುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಮೆಲ್ಲಗೆ ಕೇಳಿ, ಆದರೆ ಕೇಳಿ. ತಮಿಳು, ತೆಲುಗು, ಬಂಗಾಳಿ ಮನೆಮಾತಿನವರು ನಿಮ್ಮ ಬೆನ್ನಿಗೆ ಬರುತ್ತಾರೆ.

ನಿಮ್ಮ ಸಣ್ಣ ಗುಂಪು ಮಾತ್ರ ಕನ್ನಡದಲ್ಲೇ ಇರಲಿ. ಪಾಠ ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಬಿಡಿಸಿಕೊಳ್ಳಿ. ಕಂಡಿಷನಲ್ ಪ್ರಾಬಬಿಲಿಟಿ ಅನ್ನುವುದನ್ನು ಶಿರಸಿಯ ಹುಡುಗಿ ರಾಯಚೂರಿನವಳಿಗೆ ಹೀಗೆ ವಿವರಿಸಿದ್ದಳು: ‘ಇವತ್ತು ಅಡಿಕೆ ಒಣಗುತ್ತಾ ಅಂತ ಕೇಳಿದರೆ ಒಂದು ಉತ್ತರ. ಬೆಳಿಗ್ಗೆಯಿಂದ ಬಿಸಿಲಿದೆ, ಈಗ ಹೇಳು, ಒಣಗುತ್ತಾ ಅಂದರೆ ಉತ್ತರ ಬೇರೆ. ಗೊತ್ತಿರೋದು ಬದಲಾದರೆ ಲೆಕ್ಕವೂ ಬದಲಾಗುತ್ತೆ.’ ರಾಯಚೂರಿನವಳು, ‘ನಮ್ಮ ಕಡೆ ಮೆಣಸಿನಕಾಯಿ ಅನ್ಕೋತೀನಿ’ ಅಂದಳಂತೆ. ಪಾಠವೂ ಆಯಿತು, ಇಬ್ಬರ ಊರೂ ಇಬ್ಬರಿಗೂ ಗೊತ್ತಾಯಿತು.

ಲೈವ್ ಸೆಷನ್‌ಗಳನ್ನು ರೆಕಾರ್ಡಿಂಗಿನಲ್ಲಿ ನೋಡಿದರಾಯಿತು ಅಂತ ಬಿಡಬೇಡಿ. ವಾರಕ್ಕೆ ಒಂದನ್ನಾದರೂ ನೇರವಾಗಿ ಕೇಳಿ, ಒಂದು ಪ್ರಶ್ನೆ ಹಾಕಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು 2000ದಲ್ಲಿ ಆನ್‌ಲೈನ್ ಕಲಿಕೆಯ ಬಗ್ಗೆ ಒಂದು ವಿಚಾರ ಮುಂದಿಟ್ಟರು. ಕಲಿಯುವವರಿಗೆ ಮೂರು ಇರವುಗಳು ಬೇಕು ಅಂತ. ವಿಷಯದಲ್ಲಿ ತಾನು ಮುಳುಗಿರುವುದು, ಕಲಿಸುವವರು ಇದ್ದಾರೆ ಅನ್ನಿಸುವುದು, ಜೊತೆಯವರು ನಿಜವಾದ ಮನುಷ್ಯರು ಅನ್ನಿಸುವುದು. ನಿಮಗೆ ಮೊದಲನೆಯದು ಚೆನ್ನಾಗಿದೆ. ಉಳಿದ ಎರಡು ರೆಕಾರ್ಡಿಂಗಿನಲ್ಲಿ ಸಿಗುವುದಿಲ್ಲ. ಲೆಕ್ಚರರ್ ನಿಮ್ಮ ಹೆಸರು ಒಂದು ಸಲ ಬಾಯಿಬಿಟ್ಟು ಹೇಳಲಿ, ಆಮೇಲೆ ನೋಡಿ ಆ ಕೋರ್ಸು ನಿಮ್ಮದು ಅನ್ನಿಸುತ್ತದೆ.

ಈಗ ನೀವು ಕೈಬಿಟ್ಟ ಒಳ್ಳೆಯ ಅವಕಾಶದ ಮಾತು. ಪರೀಕ್ಷೆಯ ದಿನ. ನಿಮ್ಮ ಕೋರ್ಸಿನಲ್ಲಿ ಪಾಠ ಮನೆಯಲ್ಲಿ, ಕ್ವಿಜ್ ಮತ್ತು ಎಂಡ್ ಟರ್ಮ್ ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದು. ಅದನ್ನು ಎಲ್ಲರೂ ತೊಂದರೆ ಅಂತಲೇ ನೋಡುತ್ತಾರೆ. ನನಗೆ ಅದು ಈ ಕಾಲೇಜಿನ ಅತಿ ಒಳ್ಳೆಯ ಜಗಲಿ. ಕಳೆದ ವರ್ಷ ಪರಿಚಯದ ಹುಡುಗನ ಜೊತೆ ಬೆಂಗಳೂರಿನ ಒಂದು ಕೇಂದ್ರಕ್ಕೆ ಹೋಗಿದ್ದೆ. ಭಾನುವಾರ. ಗೇಟಿನ ಹೊರಗೆ ಸಾಲು. ಕೈಯಲ್ಲಿ ಹಾಲ್ ಟಿಕೆಟ್ಟು, ಪಾರದರ್ಶಕ ನೀರಿನ ಬಾಟಲಿ. ಕೂದಲು ನರೆತ ಒಬ್ಬರ ಹಿಂದೆ ಈಗಷ್ಟೇ ಪಿಯುಸಿ ಮುಗಿಸಿದಂತೆ ಕಾಣುವ ಹುಡುಗ. ಮಗುವನ್ನು ಗಂಡನ ಕೈಗೆ ಕೊಟ್ಟು ಸಾಲಿಗೆ ಬಂದ ಒಬ್ಬ ಹೆಂಗಸು. ಯಾರೂ ಯಾರನ್ನೂ ಮಾತಾಡಿಸುತ್ತಿಲ್ಲ, ಎಲ್ಲರೂ ಫೋನಿನಲ್ಲಿ ಫಾರ್ಮುಲಾ ನೋಡುತ್ತಿದ್ದರು.

ಮುಗಿಸಿ ಹೊರಬಂದಾಗಲೂ ಹಾಗೇ. ಫೋನ್ ಆನ್ ಮಾಡಿ ಆಟೊ ಬುಕ್ ಮಾಡುವುದರಲ್ಲಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಯಾರಿಗೂ ಅಂತಲ್ಲದೆ, ‘ಆ ಬೇಯ್ಸ್ ಥಿಯರಂ ಲೆಕ್ಕಕ್ಕೆ ಎಷ್ಟು ಬಂತು?’ ಅಂತ ಜೋರಾಗಿ ಕೇಳಿದ. ನಾಲ್ಕು ತಲೆ ತಿರುಗಿದವು. ನಾಲ್ವರದೂ ನಾಲ್ಕು ಉತ್ತರ. ಹತ್ತು ನಿಮಿಷದಲ್ಲಿ ರಸ್ತೆ ಆಚೆಯ ಟೀ ಗಾಡಿಯ ಸುತ್ತ ಒಂಬತ್ತು ಜನ ಇದ್ದರು. ನರೆತ ಕೂದಲಿನವರು ಎಲ್ಲರ ಟೀಗೂ ದುಡ್ಡು ಕೊಟ್ಟರು. ಹೊರಡುವಾಗ ನಂಬರ್ ತಗೊಂಡರು. ಆ ಹುಡುಗ ಅಂದು ತೋರಿದ ಧೈರ್ಯ ಇಷ್ಟೇ, ಒಂದು ಪ್ರಶ್ನೆ ಗಟ್ಟಿಯಾಗಿ ಕೇಳಿದ್ದು.

ಹಾಗಾಗಿ ಮುಂದಿನ ಸಲ ಚಿಕ್ಕಮ್ಮನಿಗೆ ಮೊದಲೇ ಹೇಳಿಡಿ, ಪರೀಕ್ಷೆ ಮುಗಿದು ಒಂದೂವರೆ ಗಂಟೆ ಆದಮೇಲೆ ಬರುತ್ತೇನೆ ಅಂತ. ಪರೀಕ್ಷೆಗೆ ನಾಲ್ಕು ದಿನ ಮೊದಲು ಗ್ರೂಪಿನಲ್ಲಿ, ‘ಈ ಕೇಂದ್ರ ಯಾರಿಗೆ ಬಂದಿದೆ? ಮುಗಿದ ಮೇಲೆ ಗೇಟಿನ ಹತ್ತಿರ ಟೀಗೆ ಸೇರೋಣ್ವಾ?’ ಅಂತ ಹಾಕಿ. ಮೂರು ಜನ ಬಂದರೆ ಬೇಕಾದಷ್ಟಾಯಿತು.

ಮನೆಯ ವಿಷಯವನ್ನು ನೀವು ಬರೆದಿಲ್ಲ. ಆದರೂ ಕೇಳುತ್ತೇನೆ. ‘ಮನೇಲೇ ಇದೀಯಲ್ಲ, ಸ್ವಲ್ಪ ಕಾಫಿ ಮಾಡು’, ‘ಮನೇಲೇ ಇದೀಯಲ್ಲ, ದನಕ್ಕೆ ಹುಲ್ಲು ಹಾಕು’ ಅನ್ನುವ ಮಾತು ದಿನಕ್ಕೆ ಎಷ್ಟು ಸಲ ಬರುತ್ತದೆ? ಆನ್‌ಲೈನ್ ಓದುವ ಹೆಣ್ಣುಮಕ್ಕಳು ನನ್ನ ಹತ್ತಿರ ಜಾಸ್ತಿ ಹೇಳಿಕೊಳ್ಳುವುದು ಇದನ್ನೇ. ಬಸ್ಸು ಹತ್ತಿ ಹೋದ ಮಗಳು ಕಾಲೇಜಿಗೆ ಹೋದಳು, ಬಾಗಿಲು ಹಾಕಿಕೊಂಡು ಕೂತ ಮಗಳು ಖಾಲಿ ಇದ್ದಾಳೆ ಅನ್ನುವ ಲೆಕ್ಕ. ಪ್ರತಿ ಕೋರ್ಸಿಗೆ ವಾರಕ್ಕೆ ಸುಮಾರು ಹತ್ತು ಗಂಟೆ ಬೇಕು ಅಂತ ಸಂಸ್ಥೆಯೇ ಹೇಳುತ್ತದೆ. ಮೂರು ಕೋರ್ಸು ತಗೊಂಡಿದ್ದರೆ 30 ಗಂಟೆ ಆಯಿತು. ಇದನ್ನು ಒಂದು ಹಾಳೆಯಲ್ಲಿ ಟೈಂಟೇಬಲ್ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿ. ರಾತ್ರಿ ಒಂಬತ್ತರಿಂದ ಹತ್ತು ‘ಕ್ಲಾಸ್’ ಅಂತ ಅದರಲ್ಲಿ ಬರೆದಿರಲಿ. ಅಪ್ಪ ಅಮ್ಮನಿಗೆ ನಿಮ್ಮ ಗುಂಪಿನವರ ಹೆಸರು, ಊರು ಹೇಳಿ. ಫೋನು ಹಿಡಿದು ಕೂತಿದ್ದಾಳೆ ಅನ್ನುವುದು ಆಗ ರಾಯಚೂರಿನ ಹುಡುಗಿ ಜೊತೆ ಓದುತ್ತಿದ್ದಾಳೆ ಅಂತಾಗುತ್ತದೆ.

ವಾರಕ್ಕೆ ಎರಡು ದಿನವಾದರೂ ಮನೆಯಿಂದ ಹೊರಗೆ ಕೂತು ಓದಿ. ನಮ್ಮ ಗ್ರಾಮ ಪಂಚಾಯಿತಿಯ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಾರೆ. ನಿಮ್ಮ ಸಿಲಬಸ್ಸು ಬೇರೆ ಇರಬಹುದು. ಓದುವ ಇನ್ನೊಂದು ಮುಖ ಎದುರಿಗಿದ್ದರೆ ಸಾಕು. ಆನ್‌ಲೈನ್ ವಿದ್ಯಾರ್ಥಿಗೆ ಗೆಳೆಯರೆಲ್ಲ ಆನ್‌ಲೈನಿನಲ್ಲೇ ಸಿಗಬೇಕು ಅಂತೇನೂ ಇಲ್ಲವಲ್ಲ.

ಎರಡು ಎಚ್ಚರಿಕೆ. ಗುಂಪಿನಲ್ಲಿ ಲೆಕ್ಕ ಹೇಗೆ ಬಿಡಿಸುವುದು ಅಂತ ಚರ್ಚೆ ಮಾಡಿ. ಅಸೈನ್‌ಮೆಂಟಿನ ಉತ್ತರ ಅಥವಾ ಕೋಡ್ ಹಂಚಿಕೊಳ್ಳಬೇಡಿ. ಗಡುವಿನ ರಾತ್ರಿ ‘ನಿಂದು ಒಂದು ಸಲ ಕಳಿಸು, ನೋಡಿ ಡಿಲೀಟ್ ಮಾಡ್ತೀನಿ’ ಅಂತ ಕೇಳುವವರು ಇರುತ್ತಾರೆ. ನಕಲು ಸಿಕ್ಕರೆ ಕೊಟ್ಟವರಿಗೂ ತೊಂದರೆ, ತಗೊಂಡವರಿಗೂ ತೊಂದರೆ. ಇನ್ನೊಂದು, ಮುಖ ನೋಡದವರು ದುಡ್ಡು ಕೇಳಿದರೆ, ಖಾಸಗಿ ಫೋಟೊ ಕೇಳಿದರೆ, ಮಾತು ಬೇರೆ ಕಡೆ ತಿರುಗಿದರೆ ತಕ್ಷಣ ಬ್ಲಾಕ್ ಮಾಡಿ ಮನೆಯಲ್ಲಿ ಹೇಳಿ. ನಾಚಿಕೆ ಪಡಬೇಕಾದವರು ನೀವಲ್ಲ.

ಊರಿನ ಹತ್ತಿರದ ಕಾಲೇಜಿನ ವಿಷಯ. ಬಿಡುವುದು ಅಥವಾ ಉಳಿಯುವುದು, ಎರಡೇ ದಾರಿ ಅಂತ ನೀವು ಅಂದುಕೊಂಡಿದ್ದೀರಿ. 2022ರಲ್ಲಿ ಯುಜಿಸಿ ನಿಯಮ ಬದಲಾಯಿಸಿತು. ಈಗ ಒಂದು ಡಿಗ್ರಿಯನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ಆನ್‌ಲೈನಿನಲ್ಲಿ ಒಟ್ಟಿಗೇ ಮಾಡಬಹುದು. ನಿಮ್ಮ ಕೋರ್ಸಿನಲ್ಲೇ ಹಾಗೆ ಎರಡನ್ನೂ ಓದುವವರು ಬಹಳ ಜನ ಇದ್ದಾರೆ. ಹತ್ತಿರದಲ್ಲಿ ಒಂದು ಬಿ.ಎಸ್‌ಸಿ. ಅಥವಾ ಬಿ.ಕಾಂ. ಸೇರಿ, ಇಲ್ಲಿ ಟರ್ಮಿಗೆ ಒಂದೇ ಕೋರ್ಸು ತಗೊಂಡು ನಿಧಾನವಾಗಿ ಸಾಗಬಹುದು. ಸೇರುವ ಮೊದಲು ಆ ಕಾಲೇಜಿನ ವಿಶ್ವವಿದ್ಯಾಲಯ ಇದಕ್ಕೆ ಒಪ್ಪುತ್ತದಾ ಅಂತ ಕೇಳಿಕೊಳ್ಳಿ. ಶ್ರಮ ಇದೆ, ಇಲ್ಲ ಅನ್ನುವುದಿಲ್ಲ. ನಿಮಗೆ ಡೇಟಾ ಸೈನ್ಸ್ ನಿಜಕ್ಕೂ ಇಷ್ಟವಾಗಿದ್ದರೆ, ಎರಡು ಟರ್ಮ್ ಆದಮೇಲೂ ಮನೆ ಖಾಲಿ ಖಾಲಿ ಅನ್ನಿಸಿದರೆ, ನಾನು ನಿಮಗೆ ಈ ದಾರಿಯನ್ನೇ ಹೇಳುತ್ತೇನೆ.

ಬೇಜಾರು ಬೇರೆ, ಕುಸಿತ ಬೇರೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಇಷ್ಟದ ಕೆಲಸಕ್ಕೂ ಮನಸ್ಸಿಲ್ಲ ಅನ್ನುವುದು ಎರಡು ವಾರ ಎಳೆದರೆ ಟರ್ಮು ಮುಗಿಯಲಿ ಅಂತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಮೆಸೇಜು ಬರೆಯುವುದೇ ಕಷ್ಟ ಅಂತ ನನಗೆ ಗೊತ್ತು. ಬರೆದು ಅಳಿಸಿ, ಮತ್ತೆ ಬರೆದು ಅಳಿಸುತ್ತೀರಿ. ಹಾಗಾಗಿ ನಾನೇ ಬರೆದುಕೊಡುತ್ತೇನೆ. ನಿಮ್ಮ ಹೌಸ್ ಗ್ರೂಪಿನಲ್ಲಿ ಇದನ್ನು ಹಾಗೇ ಹಾಕಿ, ಕನ್ನಡದಲ್ಲೇ:

‘ನಮಸ್ಕಾರ. ನಾನು ಕೊಪ್ಪದ ಕಡೆಯವಳು, ಫೌಂಡೇಶನ್ ಮೊದಲ ಟರ್ಮ್. ಇಲ್ಲಿ ಕನ್ನಡ ಮಾತಾಡುವವರು ಯಾರಾದರೂ ಇದ್ದೀರಾ? ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಒಟ್ಟಿಗೆ ಕೂತು ಓದೋಣ ಅಂತ ಇದ್ದೀನಿ. ಕ್ಯಾಮೆರಾ ಬೇಡ, ಮಾತೂ ಬೇಡ, ಕೊನೆಗೆ ಒಂದು ಹತ್ತು ನಿಮಿಷ ಹರಟಿದರೆ ಸಾಕು. ಸೋಮವಾರದಿಂದ ಶುರು ಮಾಡ್ತೀನಿ. ಯಾರೂ ಬರದಿದ್ದರೂ ಲಿಂಕ್ ತೆರೆದಿರುತ್ತೆ.’